ಸುಮ್ಮನಿರೋ ಕೈ

– ಮೆಲ್ಲಗೆ ಇಳಿಸು. ಆ ಬೆಡ್‌ಶೀಟ್ ಈಗಲೇ ತೆಗೀಬೇಡ. ಬೆಂಗಳೂರಿಂದ ಕುಲುಕಾಡ್ಕೊಂಡು ಬಂದಿವೆ, ಸ್ವಲ್ಪ ಹೊತ್ತು ಕತ್ತಲಲ್ಲೇ ಇರಲಿ.

– ಚಿಕ್ಕಪ್ಪ, ಸುತ್ತಿ ಬಳಸಿ ಹೇಳೋದಿಲ್ಲ. ಇವನ್ನ ನಿಮ್ಮ ಹತ್ರ ಬಿಟ್ಟು ಹೋಗೋಕೇ ಬಂದಿದೀನಿ. ಹೆಂಗೂ ನಿಮ್ಮ ಮನೇಲಿ ಆರು ಇವೆ, ಎಂಟಾಗಲಿ.

– ಕಾಫಿ ಕುಡಿ ಮೊದಲು. ತಂದು ಎಷ್ಟು ದಿನ ಆಯ್ತು?

– ಮೂರು ತಿಂಗಳು. ಮಗನ ಹುಟ್ಟುಹಬ್ಬಕ್ಕೆ ತಂದಿದ್ದು. ಅಂಗಡಿಯೋನು ‘ಲವ್ ಬರ್ಡ್ಸ್ ಮೇಡಂ, ಗಂಡು ಹೆಣ್ಣು ಜೋಡಿ, ವಾರದಲ್ಲಿ ಕೈ ಮೇಲೆ ಕೂರ್ತವೆ, ತಿಂಗಳಲ್ಲಿ ಮಾತಾಡ್ತವೆ’ ಅಂದ. ಕೈ ಮೇಲೆ ಕೂರೋದಿರಲಿ, ಪಂಜರದ ಹತ್ರ ಹೋದ್ರೆ ಸಾಕು, ಆಚೆ ಮೂಲೆಗೆ ಹೋಗಿ ಕಂಬಿಗೆ ಅಂಟಿಕೊಂಡುಬಿಡ್ತವೆ. ನೀರು ಬದಲಾಯಿಸೋಕೆ ಕೈ ಹಾಕಿದ್ರೆ ಒಂದೇ ಸಮ ರೆಕ್ಕೆ ಬಡಿದು ಹಾಲ್ ತುಂಬ ಹೊಟ್ಟು. ಮಗ ಹದಿನೈದು ದಿನ ನೋಡಿದ, ಆಮೇಲೆ ಆ ಕಡೆ ತಿರುಗಲಿಲ್ಲ. ಈಗ ಎಲ್ಲ ನನ್ನ ತಲೆಗೆ. ಸಾಲದ್ದಕ್ಕೆ ನೀಲಿದು ಇತ್ತೀಚೆಗೆ ಒಂಥರಾ ಸದ್ದು ಮಾಡತ್ತೆ. ಚಿಲಿಪಿಲಿ ಅಲ್ಲ, ‘ಟುಡುಂ’ ಅಂತ. ಗಂಟಲಿಗೇನಾದ್ರೂ ಆಗಿದೆಯೋ ಏನೋ.

– ಗಂಟಲ ಕತೆ ಆಮೇಲೆ ನೋಡೋಣ. ಮೊದಲು ಹೆಸರು ಸರಿ ಮಾಡ್ಕೋ. ಇವು ಲವ್ ಬರ್ಡ್ಸ್ ಅಲ್ಲ. ನಮ್ಮ ಕಡೆ ಅಂಗಡಿಗಳಲ್ಲಿ ಹಂಗೇ ಅಂದು ಅಂದು ರೂಢಿಯಾಗಿಹೋಗಿದೆ. ನಿಜವಾದ ಲವ್ ಬರ್ಡ್ಸ್ ಆಫ್ರಿಕಾದವು, ಮೋಟು ಬಾಲ, ದಪ್ಪ ಕೊಕ್ಕು. ಇವು ಬಡ್ಜರಿಗಾರ್, ಬಡ್ಜಿ ಅಂತಾರೆ. ಆಸ್ಟ್ರೇಲಿಯಾದ ಸಣ್ಣ ಗಿಳಿ. ಒಣ ಹುಲ್ಲುಗಾವಲಲ್ಲಿ ಮಳೆ ಬಿದ್ದ ಕಡೆ, ನೀರಿದ್ದ ಕಡೆ ಹುಡುಕ್ಕೊಂಡು ಸಾವಿರಗಟ್ಟಲೆ ಗುಂಪಾಗಿ ಅಲೆಯೋ ಜಾತಿ. ಇನ್ನು ಜೋಡಿ ವಿಷಯ. ಈಗ ಬೆಡ್‌ಶೀಟಿನ ಒಂದು ಅಂಚು ಎತ್ತು. ಸಾಕು, ಸಾಕು. ಕೊಕ್ಕಿನ ಮೇಲೆ ಮೂಗಿನ ಹೊಳ್ಳೆ ಇರೋ ಮೆತ್ತನೆ ಜಾಗ ನೋಡು. ಯಾವ ಬಣ್ಣ?

– ನೀಲಿ.

– ಇನ್ನೊಂದರದು?

– ಅದೂ ನೀಲಿನೇ.

– ಹೆಣ್ಣಾಗಿದ್ರೆ ಕಂದು ಬಣ್ಣ ಇರೋದು. ಇಬ್ಬರೂ ಗಂಡು.

– ಅಯ್ಯೋ! ನನ್ನ ಮಗ ರಾಜ, ರಾಣಿ ಅಂತ ಹೆಸರಿಟ್ಟಿದಾನೆ.

– ರಾಣಿಗೇನೂ ಬೇಜಾರಿರಲ್ಲ ಬಿಡು. ಎರಡು ಗಂಡು ಹೊಂದಿಕೊಂಡು ಇರ್ತವೆ. ಎರಡು ಹೆಣ್ಣು ತಂದಿದ್ರೆ ಕಾದಾಟ ನೋಡಬೇಕಿತ್ತು ನೀನು. ಆ ಕಾಳಿನ ಬಟ್ಟಲು ಇಲ್ಲಿ ಕೊಡು.

– ಅದರ ತುಂಬ ಕಾಳಿದೆ ಚಿಕ್ಕಪ್ಪ. ಬೆಳಗ್ಗೆ ಹೊರಡೋವಾಗ ನೋಡ್ಕೊಂಡೇ ಬಂದಿದೀನಿ.

– ತುಂಬಿದೆಯಾ? ಸ್ವಲ್ಪ ಹಿಂದೆ ಸರಿ, ಕಣ್ಣಿಗೆ ಬೀಳತ್ತೆ. ಫೂ... ನೋಡಿದ್ಯಾ?

– ಅರೆ! ತಳದಲ್ಲಿ ನಾಲ್ಕೇ ಕಾಳು!

– ಇವು ಕಾಳು ನುಂಗಲ್ಲ, ಸುಲೀತವೆ. ಕೊಕ್ಕಲ್ಲಿ ಹಿಡಿದು ನಾಲಿಗೆಯಿಂದ ತಿರುಗಿಸಿ ಸಿಪ್ಪೆ ಸುಲಿದು ಒಳಗಿಂದು ತಿಂದು, ಸಿಪ್ಪೆ ಅಲ್ಲೇ ಬಟ್ಟಲಿಗೆ ಉದುರಿಸ್ತವೆ. ನವಣೆ ಸಿಪ್ಪೆ ಮೇಲಿಂದ ನೋಡಿದ್ರೆ ನವಣೆ ಥರಾನೇ ಕಾಣತ್ತೆ. ತುಂಬಿದ ಬಟ್ಟಲ ಮುಂದೆ ಉಪವಾಸ ಸತ್ತ ಹಕ್ಕಿಗಳಿವೆ ಮಗಳೇ. ಮನೆಯವರು ‘ಊಟ ಇತ್ತಲ್ಲ’ ಅಂತ ಅಳ್ತಾ ಕೂರ್ತಾರೆ. ದಿನಾ ಬೆಳಗ್ಗೆ ಊದಬೇಕು. ನಿಮ್ಮಜ್ಜಿ ಮೊರದಲ್ಲಿ ಕೇರ್ತಿದ್ರಲ್ಲ, ಅದೇ ಕೆಲಸ.

– ನನಗೆ ಇದನ್ನ ಯಾರೂ ಹೇಳಲೇ ಇಲ್ಲ.

– ಮಾರಿದೋನು ಹೇಳಬೇಕಿತ್ತು. ಹೋಗಲಿ. ಬರೀ ಕಾಳು ಹಾಕ್ತಿದ್ಯಾ?

– ಹಕ್ಕಿ ಅಂದಮೇಲೆ ಇನ್ನೇನು?

– ನಿನ್ನ ಮಗನಿಗೆ ಮೂರು ಹೊತ್ತೂ ಹುರಿಗಡಲೆ ಕೊಟ್ಟು ಬೆಳೆಸ್ತೀಯಾ? ಕಾಳಲ್ಲಿ ಕೊಬ್ಬು ಜಾಸ್ತಿ, ಎ ಜೀವಸತ್ವ ಇಲ್ಲವೇ ಇಲ್ಲ ಅನ್ನಬೇಕು. ನುಗ್ಗೆ ಸೊಪ್ಪು, ಕೊತ್ತಂಬರಿ, ಪಾಲಕ್, ತುರಿದ ಕ್ಯಾರೆಟ್, ಎಳೇ ಜೋಳ, ಮೊಳಕೆ ಬಂದ ಹೆಸರುಕಾಳು. ಸೊಪ್ಪು ಚೆನ್ನಾಗಿ ತೊಳೆದು ಒದ್ದೆ ಒದ್ದೆಯಾಗಿ ಕಂಬಿಗೆ ಸಿಕ್ಕಿಸು, ಅದರಲ್ಲೇ ಮೈ ಉಜ್ಜಿಕೊಂಡು ಸ್ನಾನಾನೂ ಮಾಡ್ತವೆ. ಬೆಣ್ಣೆಹಣ್ಣು ಮಾತ್ರ ಬೇಡ, ವಿಷ. ಚಾಕೊಲೇಟ್ ಕೂಡ. ಮೊದಲ ವಾರ ಸೊಪ್ಪು ನೋಡಿ ಹಾವು ಕಂಡ ಹಂಗೆ ಆಡ್ತವೆ. ನೀನು ಸೋಲಬೇಡ.

– ಚಿಕ್ಕಪ್ಪ, ನೀವು ಹೇಳ್ತಿರೋದು ನೋಡಿದ್ರೆ ವಾಪಸ್ ತಗೊಂಡು ಹೋಗೋ ಹಂಗಿದೆ.

– ನಾನೇನೂ ಹೇಳಲಿಲ್ಲಪ್ಪ.

– ನನಗೆ ಬೇರೆ ಒಂದು ಯೋಚನೇನೂ ಬಂದಿತ್ತು. ಪಾಪ, ಪಂಜರದಲ್ಲಿ ಯಾಕೆ, ಬಾಲ್ಕನಿ ಬಾಗಿಲು ತೆಗೆದು ಬಿಟ್ಟುಬಿಡೋಣ ಅಂತ. ಆಕಾಶ ಇದೆ, ಹಾರ್ಕೊಂಡು ಹೋಗಲಿ. ಪುಣ್ಯಾನೂ ಬರತ್ತೆ.

– ಪುಣ್ಯ ನಿನಗಲ್ಲ, ಕಾಗೆಗೆ. ಅದರ ಪಾಲಿಗೆ ಅವತ್ತು ಹಬ್ಬ. 1840ರಲ್ಲಿ ಜಾನ್ ಗೂಲ್ಡ್ ಅನ್ನೋನು ಇವನ್ನ ಜೀವಂತ ಇಂಗ್ಲೆಂಡಿಗೆ ತಂದ. ಅಲ್ಲಿಂದ ಇಲ್ಲಿವರೆಗೆ ಪಂಜರದಲ್ಲೇ ಹುಟ್ಟಿ, ಪಂಜರದಲ್ಲೇ ಮೊಟ್ಟೆಯಿಟ್ಟು ಬಂದ ವಂಶ ಇದು. ಎಲ್ಲಿ ಕಾಳಿರತ್ತೆ, ಯಾವ ನೆರಳು ಹದ್ದಿನದು ಅಂತ ಹೇಳಿಕೊಡೋಕೆ ಇಲ್ಲಿ ಇವಕ್ಕೆ ಒಂದು ಗುಂಪಿಲ್ಲ. ಕಾಡಲ್ಲಿರೋದೆಲ್ಲ ಹಸಿರು ಹಳದಿ, ಹುಲ್ಲಲ್ಲಿ ಕೂತರೆ ಕಾಣಲ್ಲ. ನಿನ್ನ ನೀಲಿದು ಬೆಂಗಳೂರಿನ ಮರದಲ್ಲಿ ಕೂತರೆ ಲೈಟ್ ಹಾಕಿದ ಹಂಗೆ. ನೋಡು, ನಮ್ಮ ಗಿಳಿ, ಕೊರಳಿಗೆ ಗುಲಾಬಿ ಪಟ್ಟಿ ಇರೋದು, ಯಾರದೋ ಪಂಜರದಿಂದ ತಪ್ಪಿಸ್ಕೊಂಡು ಲಂಡನ್ನಿನ ಚಳೀಲೂ ಸಂಸಾರ ಹೂಡಿಬಿಟ್ಟಿದೆ. ಅಲ್ಲಿ ಪಾರ್ಕಲ್ಲೆಲ್ಲ ಅದೇ ಕಿರುಚಾಟ. ಇವಕ್ಕೆ ಆ ಗಟ್ಟಿತನ ಇಲ್ಲ.

– ಹಂಗಾದ್ರೆ ಆ ಗಿಳೀನೇ ಸಾಕಬಹುದಿತ್ತಲ್ಲ? ಮಾತೂ ಚೆನ್ನಾಗಿ ಆಡತ್ತಂತೆ.

– ಪೊಲೀಸರು ಬಂದಾಗ ಅದೇ ಬಾಗಿಲು ತೆಗೆದು ಬನ್ನಿ ಕೂತ್ಕೊಳ್ಳಿ ಅನ್ನತ್ತೆ. ನಮ್ಮ ನೆಲದ ಯಾವ ಗಿಳೀನೂ ಮನೇಲಿಟ್ಕೊಳ್ಳೋ ಹಂಗಿಲ್ಲ ಕಣೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಪ್ರಕಾರ ಅಪರಾಧ. ಜನ ಅದನ್ನ ನಾಯಿ ಬೆಕ್ಕಿನ ಲೆಕ್ಕಕ್ಕೆ ಹಿಡೀತಾರೆ. ಕಾಯಿದೆ ಕಣ್ಣಿಗೆ ಅದು ಕಾಡುಪ್ರಾಣಿ. ಮರದ ಪೊಟರೆಯಿಂದ ಇನ್ನೂ ಗರಿ ಬರದ ಮರಿ ಕಿತ್ತು, ಚೀಲದಲ್ಲಿ ತುಂಬಿ ತರ್ತಾರೆ, ದಾರೀಲಿ ಎಷ್ಟೋ ಸಾಯ್ತವೆ. ಗಿಳಿಶಾಸ್ತ್ರದವರ ಗಿಳಿ ನೋಡಿದೀಯಲ್ಲ, ಕಾರ್ಡ್ ಎತ್ತಿ ಕೊಟ್ಟು ತಾನಾಗೇ ಪೆಟ್ಟಿಗೆ ಒಳಗೆ ಹೋಗತ್ತೆ. ಜನ ಅದನ್ನ ವಿಧೇಯತೆ ಅಂತಾರೆ. ರೆಕ್ಕೆ ಕತ್ತರಿಸಿರೋದು ಕಾಣಲ್ಲ. ಆಫ್ರಿಕನ್ ಗ್ರೇಯಂಥ ಹೊರದೇಶದ ದೊಡ್ಡ ಗಿಳಿಗಳಿಗೆ ಈಗ ಸರ್ಕಾರದಲ್ಲಿ ನೋಂದಣಿ ಬೇಕು. ಬಡ್ಜಿಗೆ ಅದೆಲ್ಲ ಇಲ್ಲ.

– ಆದ್ರೆ ನಮ್ಮ ಊರ ಮನೇಲಿ ಗಿಳಿ ಇತ್ತು ಅಂತ ಅಪ್ಪ ಹೇಳ್ತಿದ್ರಪ್ಪ.

– ಇತ್ತು. ಆಗಿನ್ನೂ ಕಾಯಿದೆ ಬಂದಿರಲಿಲ್ಲ. ನಾನು ಎರಡನೇ ಕ್ಲಾಸೋ ಮೂರನೇ ಕ್ಲಾಸೋ. ನಮ್ಮಜ್ಜಿ, ಅಂದ್ರೆ ನಿನ್ನ ಮುತ್ತಜ್ಜಿ, ಸಂತೇಲಿ ಯಾರ ಹತ್ರಾನೋ ತಗೊಂಡಿದ್ರು. ಕಬ್ಬಿಣದ ಪಂಜರ. ಜಗಲೀಲಿ ಬೆಕ್ಕಿನ ಕಾಟ ಅಂತ ಹಿತ್ತಲಲ್ಲಿ ಬಾವಿ ಹತ್ರ ಮಾಡಿನ ತೊಲೆಗೆ ತೂಗುಹಾಕಿದ್ರು. ಬೆಳಗ್ಗೆ ಒಂದು ಹಿಡಿ ಅನ್ನ, ಒಂದು ಹಸಿಮೆಣಸಿನಕಾಯಿ, ಮುಗೀತು. ‘ರಾಮ ರಾಮ ಅನ್ನು’ ಅಂತ ಅಜ್ಜಿ ನಾಲ್ಕು ದಿನ ಹೇಳಿಕೊಟ್ರು, ಅದು ಅನ್ನಲಿಲ್ಲ, ಬಿಟ್ರು. ಆಮೇಲೆ ಒಂದು ಮಧ್ಯಾಹ್ನ ಎಲ್ಲರೂ ಮಲಗಿದೀವಿ, ಹಿತ್ತಲಲ್ಲಿ ಯಾರೋ ನೀರು ಸೇದ್ತಾ ಇದಾರೆ. ಕೀಂವ್, ಕೀಂವ್, ಕೀಂವ್ ಅಂತ ರಾಟೆ ಸದ್ದು. ಅಮ್ಮ ಎದ್ದು ಹೋಗಿ ನೋಡಿದ್ರೆ ಬಾವಿ ಕಟ್ಟೆ ಮೇಲೆ ಯಾರೂ ಇಲ್ಲ. ಹಗ್ಗ ಒಣಗಿದೆ. ದೆವ್ವ ಅಂದ್ಕೊಂಡು ಅಜ್ಜಿ ಕುಂಕುಮದ ನೀರು ಚಿಮುಕಿಸಿದ್ರು. ಮೂರನೇ ದಿನ ಗೊತ್ತಾಯ್ತು, ಗಿಳಿ.

– ರಾಟೆ ಸದ್ದನ್ನ ಕಲಿತಿತ್ತಾ!

– ಕೊಡ ಮೇಲೆ ಬಂದಾಗ ಕಟ್ಟೆಗೆ ತಾಗಿ ‘ಠಣ್’ ಅನ್ನೋದು ಕೂಡ ಸೇರಿಸಿ. ನಾವು ಮನೆ ತುಂಬ ಜನ ನಕ್ಕಿದ್ದೇ ನಕ್ಕಿದ್ದು. ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಎಷ್ಟೋ ವರ್ಷ ಆದಮೇಲೆ, ಈ ಬಡ್ಜಿಗಳನ್ನ ಸಾಕೋಕೆ ಹಿಡಿದು, ಅಲ್ಲಿ ಇಲ್ಲಿ ಓದಿದಾಗ ನನಗೆ ಹೊಳೀತು, ಅದು ನಗೋ ವಿಷಯ ಆಗಿರಲಿಲ್ಲ ಅಂತ. ಗಿಳಿ ಜಾತಿ ಮಾತು ಯಾಕೆ ಕಲಿಯತ್ತೆ ಗೊತ್ತಾ? ಗುಂಪಲ್ಲಿ ಇವು ಒಂದನ್ನೊಂದು ಕರೆಯೋಕೆ ಒಂದು ಚುಟುಕು ಕೂಗು ಇಟ್ಕೊಂಡಿರ್ತವೆ. ನಾನಿಲ್ಲಿದೀನಿ, ನೀನೆಲ್ಲಿ ಅನ್ನೋ ಥರ. ಹೊಸದಾಗಿ ಒಟ್ಟಿಗೆ ಸೇರಿದ ಹಕ್ಕಿಗಳ ಕೂಗು ಕೆಲವೇ ವಾರದಲ್ಲಿ ಒಂದೇ ಥರ ಆಗಿಬಿಡತ್ತೆ. ಗಂಡು ಬಡ್ಜಿ ತನ್ನ ಹೆಣ್ಣಿನ ಕೂಗನ್ನೇ ಕಲಿತು ಅವಳಿಗೆ ಒಪ್ಪಿಸತ್ತೆ. ಅಂದ್ರೆ ನಿನ್ನ ದನಿ ನನ್ನ ಬಾಯಲ್ಲಿದೆ, ನಾನು ನಿನ್ನೋನು ಅಂತ. ಗುಂಪು ಇಲ್ಲದ ಹಕ್ಕಿ ಮನುಷ್ಯರನ್ನೇ ಗುಂಪು ಅಂದ್ಕೊಂಡು ನಮ್ಮ ಕೂಗು ಕಲಿಯೋಕೆ ನೋಡತ್ತೆ. ನಾವು ಅದಕ್ಕೆ ‘ಮಾತಾಡೋ ಗಿಳಿ’ ಅಂತ ಚಪ್ಪಾಳೆ ತಟ್ಟೋದು. ನಮ್ಮ ಹಿತ್ತಲಲ್ಲಿ ಆ ಗಿಳಿ ಹತ್ರ ದಿನಾ ಮಾತಾಡ್ತಿದ್ದಿದ್ದು ರಾಟೆ ಒಂದೇ.

– ...

– ಏನು, ಸುಮ್ಮನಾಗಿಬಿಟ್ಟೆ? ಕಾಫಿ ಆರ್ತಾ ಇದೆ.

– ಟುಡುಂ ಅಂದ್ರೆ ಏನು ಅಂತ ಗೊತ್ತಾಯ್ತು ಚಿಕ್ಕಪ್ಪ.

– ಏನು?

– ನನ್ನ ಲ್ಯಾಪ್‌ಟಾಪು. ವಿಡಿಯೊ ಮೀಟಿಂಗಿಗೆ ಯಾರಾದ್ರೂ ಸೇರಿದ್ರೆ ಬರೋ ಸದ್ದು. ಪಂಜರ ಇರೋದು ನನ್ನ ಮೇಜಿನ ಪಕ್ಕದಲ್ಲೇ. ದಿನಕ್ಕೆ ಎಂಟು ಹತ್ತು ಮೀಟಿಂಗು. ಆ ಸದ್ದು ಬಂದ ತಕ್ಷಣ ನಾನು ಹಲೋ ಅಂತೀನಿ, ನಗ್ತೀನಿ.

– ಗಂಟಲಿಗೆ ಏನೂ ಆಗಿಲ್ಲ ಅಂತಾಯ್ತು.

– ನೀವು ನಗಬೇಡಿ.

– ನಗ್ತಾ ಇಲ್ಲಮ್ಮ. ನಿನ್ನ ಹಕ್ಕಿ ಆ ಗಿಳಿಗಿಂತ ಜಾಣ. ಯಾವ ಸದ್ದಿಗೆ ನೀನು ಉತ್ತರ ಕೊಡ್ತೀಯೋ ಅದನ್ನೇ ಹಿಡಿದಿದೆ. ನಮ್ಮ ಕತೆಗಳಲ್ಲಿ ಹುಡುಕಿದ್ರೂ ಇದೇ ಸಿಗತ್ತೆ ನೋಡು. ಶಂಕರಾಚಾರ್ಯರು ಮಂಡನಮಿಶ್ರರ ಮನೆ ಎಲ್ಲಿ ಅಂತ ಕೇಳಿದಾಗ, ಯಾವ ಮನೆ ಬಾಗಿಲಲ್ಲಿ ಪಂಜರದ ಗಿಳಿಗಳು ವೇದ ಸ್ವತಃಪ್ರಮಾಣವೋ ಪರತಃಪ್ರಮಾಣವೋ ಅಂತ ವಾದ ಮಾಡ್ತಿರ್ತವೋ ಅದೇ ಮನೆ ಅಂದ್ರಂತೆ. ಆ ಮನೇಲಿ ಬೆಳಗಾದ್ರೆ ಅದೇ ಮಾತು. ಗಿಳಿ ಇನ್ನೇನು ಕಲಿಯತ್ತೆ? ಗಿಳಿಪಾಠ ಅಂತ ನಾವು ಹೀನಾಯವಾಗಿ ಅಂತೀವಿ. ಮನೇಲಿ ಯಾರು ಯಾರ ಜೊತೆ ಮಾತಾಡ್ತಾರೆ ಅನ್ನೋದನ್ನ ಗಿಳಿಯಷ್ಟು ನೇರವಾಗಿ ಬೇರೆ ಯಾರು ಹೇಳ್ತಾರೆ ಹೇಳು.

– ಅಂದ್ರೆ ನಾನು ಕೂತು ಹೇಳಿಕೊಟ್ರೆ ನನ್ನ ಮಾತೂ ಕಲಿಯತ್ತಾ?

– ಕಲೀಬಹುದು. ಕ್ಯಾಲಿಫೋರ್ನಿಯಾದಲ್ಲಿ ಪಕ್ ಅಂತ ಒಂದು ಬಡ್ಜಿ ಇತ್ತು. 1,728 ಪದ ಬರ್ತಿತ್ತು ಅಂತ ಗಿನ್ನೆಸ್ ದಾಖಲೆ. ಆದ್ರೆ ಆ ಆಸೆ ಇಟ್ಕೊಂಡು ಸಾಕಬೇಡ. ಎರಡು ಒಟ್ಟಿಗಿದ್ರೆ ತಮ್ಮ ಭಾಷೇಲೇ ಮಾತಾಡ್ಕೊಂಡಿರ್ತವೆ, ನಿನ್ನ ಕನ್ನಡ ಅವಕ್ಕೆ ಅಷ್ಟಾಗಿ ಬೇಕಾಗಲ್ಲ. ಒಂದೇ ಸಾಕಿದ್ರೆ ಬೇಗ ಹಚ್ಚಿಕೊಳ್ಳತ್ತೆ ಅಂತ ಕೆಲವರು ಒಂದನ್ನೇ ತರ್ತಾರೆ, ಕನ್ನಡಿ ತೂಗುಹಾಕಿ ಆಫೀಸಿಗೆ ಹೋಗಿಬಿಡ್ತಾರೆ. ಆ ಹಕ್ಕಿ ದಿನವಿಡೀ ಗಾಜಿಗೆ ಕಾಳು ಕಕ್ಕಿ ಕಕ್ಕಿ ಉಣಿಸ್ತಾ ಕೂರತ್ತೆ. ನನಗೆ ಅದನ್ನ ನೋಡೋಕೆ ಆಗಲ್ಲ. ಎರಡಿರಲಿ. ನಿನ್ನನ್ನ ಹಚ್ಚಿಕೊಳ್ಳೋದು ನಿಧಾನ ಆಗತ್ತೆ, ಆಗಲಿ.

– ಮೂರು ತಿಂಗಳು ನಿಧಾನ ಅಲ್ವಾ?

– ಮೂರು ತಿಂಗಳಲ್ಲಿ ನೀನೇನು ಮಾಡಿದೆ, ಅದನ್ನ ಹೇಳು ಮೊದಲು.

– ಮೊದಲನೇ ದಿನಾನೇ ಮಗ ಹಿಡೀಬೇಕು ಅಂದ. ನಾನು ಟವೆಲ್ ಹಾಕಿ ಹಿಡಿದೆ. ಕಚ್ಚಿತು, ರಕ್ತ ಬಂತು, ಜಾಡಿಸಿಬಿಟ್ಟೆ. ಮೇಲೆ ಹೋಗಿ ಪರದೆ ರಾಡಿನ ಮೇಲೆ ಕೂತ್ಕೊಂಡ್ತು. ಪೊರಕೆ ತಗೊಂಡು ಇಳಿಸಿದ್ವಿ. ಆಮೇಲೆ ದಿನಾ ಮೇಲಿನ ಬಾಗಿಲು ತೆಗೆದು ಕೈ ಹಾಕ್ತಿದ್ದೆ, ಅಭ್ಯಾಸ ಆಗಲಿ ಅಂತ.

– ಮೇಲಿಂದ. ಸರಿಹೋಯ್ತು. ಈಗ ನೀನು ನಾಲ್ಕು ಹತ್ತು ರೂಪಾಯಿ ನಾಣ್ಯ ಅಂಗೈಲಿಟ್ಕೋ. ಸುಮಾರು ಮೂವತ್ತು ಗ್ರಾಂ. ಅಷ್ಟೇ ಇದರ ತೂಕ, ಬೇಕಾದ್ರೆ ಇನ್ನೊಂದು ನಾಣ್ಯ ಸೇರಿಸ್ಕೋ. ಕಾಡಲ್ಲಿ ಮೇಲಿಂದ ಇದರ ಮೈಮೇಲೆ ಬೀಳೋದು ಒಂದೇ, ಗಿಡುಗ. ಐದು ಉಗುರು ಬಿಡಿಸ್ಕೊಂಡು ಬರತ್ತೆ. ನಿನ್ನ ಕೈಗೂ ಐದೇ ಬೆರಳು. ಮೂರು ತಿಂಗಳಿಂದ ದಿನಾ ಬೆಳಗ್ಗೆ ಗಿಡುಗ ಬಂದು ನೀರು ಬದಲಾಯಿಸಿ ಹೋಗ್ತಿದೆ.

– ಗಿಡುಗಕ್ಕೆ ಐದು ಉಗುರಿರತ್ತಾ?

– ನಾಲ್ಕು. ಮಾತಿನ ಭರದಲ್ಲಿ ಒಂದು ಜಾಸ್ತಿ ಕೊಟ್ಟೆ. ನೀನು ನಿಮ್ಮಪ್ಪನ ಮಗಳೇ.

– ಸರಿ, ಏನು ಮಾಡ್ಬೇಕಿತ್ತು?

– ಏನೂ ಮಾಡಬಾರದಿತ್ತು. ಮೊದಲ ವಾರ ಪಂಜರಾನ ನಿನ್ನ ಎದೆ ಎತ್ತರಕ್ಕೆ, ಒಂದು ಕಡೆ ಗೋಡೆಗೆ ಒತ್ತಿ ಇಟ್ಟು, ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಪೇಪರ್ ಓದೋದು. ಗಟ್ಟಿಯಾಗಿ. ನಾನು ಸಂಪಾದಕೀಯ ಓದ್ತೀನಿ, ನಿದ್ದೆ ಮಾಡ್ತವೆ, ಒಳ್ಳೇ ಲಕ್ಷಣ ಅದು. ಎರಡನೇ ವಾರ ಓದ್ತಾ ಒಂದು ಕೈ ಪಂಜರದ ಹೊರಗೆ ಕಂಬಿಗೆ ತಾಗಿಸಿ ಇಡೋದು. ಆಮೇಲೆ ಪಕ್ಕದ ಬಾಗಿಲಿಂದ, ಕೆಳಗಿಂದ, ಕೈ ಒಳಗೆ. ಕೈಲಿ ನವಣೆ ತೆನೆ. ಉದುರು ಕಾಳಲ್ಲ, ಇಡೀ ತೆನೆ, ನರಿ ಬಾಲದ ಹಂಗೆ ಬಾಗಿರತ್ತಲ್ಲ ಅದು. ರಾಯಚೂರು, ಕೊಪ್ಪಳದ ಕಡೆ ಬೆಳೀತಾರೆ. ನನಗೆ ಪರಿಚಯದವರೊಬ್ಬರು ವರ್ಷಕ್ಕೊಂದು ಕಟ್ಟು ಕಳಿಸಿಕೊಡ್ತಾರೆ. ತೆನೆ ತುದಿ ಅವುಗಳ ಕಡೆ, ಬುಡ ನಿನ್ನ ಕೈಲಿ. ಮೊದಲು ತುದಿ ತಿಂತವೆ. ತುದಿ ಖಾಲಿಯಾದ ಹಂಗೆ ಬುಡಕ್ಕೆ ಬರಲೇಬೇಕು. ಒಂದು ದಿನ ನಿನ್ನ ಬೆರಳ ಮೇಲೆ ಕಾಲಿಟ್ಟೇ ತಿನ್ನಬೇಕಾಗತ್ತೆ. ಅವತ್ತೂ ಕೈ ಅಲುಗಿಸಬಾರದು.

– ಎಷ್ಟು ಹೊತ್ತು?

– ಕೈ ಜೋಮು ಹಿಡಿಯೋವರೆಗೆ. ಅದೇ ಕಷ್ಟ. ಎಲ್ಲರೂ ಹಕ್ಕೀನ ಪಳಗಿಸೋದು ಅಂತಾರೆ, ನಾನು ಪಳಗಿಸಿದ್ದು ನನ್ನ ಬಲಗೈನ. ಜೀವಮಾನವೆಲ್ಲ ಅದು ಏನಾದ್ರೂ ಹಿಡಿದು, ತಿರುಗಿಸಿ, ಒತ್ತಿ, ಎಳೆದು ಅಭ್ಯಾಸ. ಸುಮ್ಮನೆ ಇರು ಅಂದ್ರೆ ಇರಲ್ಲ. ಹಕ್ಕಿ ಹತ್ತಿರ ಬಂತು ಅಂದ ಕೂಡಲೇ ಬೆರಳು ತಾನಾಗೇ ಮಡಚ್ಕೊಳ್ಳೋಕೆ ನೋಡತ್ತೆ. ಅದು ಅಷ್ಟು ಸೂಕ್ಷ್ಮಾನೂ ಗಮನಿಸಿ ಹಿಂದೆ ಹೋಗತ್ತೆ. ಒಂದು ವಾರದ ಕೆಲಸ ಮಣ್ಣುಪಾಲು.

– ಅದಕ್ಕೆ ಹೆದರಿಕೆ ಆಗಿದೆಯೋ ಖುಷಿಯಾಗಿದೆಯೋ ಅಂತ ಹೆಂಗೆ ತಿಳಿಯತ್ತೆ? ಮುಖ ಯಾವಾಗಲೂ ಒಂದೇ ಥರ ಇರತ್ತೆ.

– ಮುಖ ಬಿಡು, ಮೈ ನೋಡು. ಗರಿಯೆಲ್ಲ ಮೈಗೆ ಅಂಟಿ ಪೆನ್ಸಿಲ್ ಥರ ನೀಳ ಆದ್ರೆ ಭಯ. ಕೈ ಹಿಂದಕ್ಕೆ ತಗೋ. ಒಂದು ಕಾಲು ಹೊಟ್ಟೆ ಒಳಗೆ ಮಡಚಿ ನಿಂತ್ರೆ ನೆಮ್ಮದಿ. ಸಂಜೆ ಹೊತ್ತು ಕೊಕ್ಕಿನೊಳಗೆ ಕರಕರ ಅಂತ ಸದ್ದು ಬರತ್ತೆ, ಮೊಣಕಾಲಿಗೆ ಎಣ್ಣೆ ಹಾಕದೆ ನಾನು ಎದ್ದಾಗ ಬರತ್ತಲ್ಲ ಹಂಗೆ. ಕೊಕ್ಕು ಮಸೆಯೋದು ಅದು, ನಿದ್ದೆಗೆ ಮುಂಚೆ, ಆರಾಮಾಗಿದ್ದಾಗ. ಒಂದು ಆಕಳಿಸಿದ್ರೆ ಪಕ್ಕದ್ದೂ ಆಕಳಿಸತ್ತೆ, ಗಮನಿಸು. 2015ರಲ್ಲಿ ಅದನ್ನ ಪ್ರಯೋಗ ಮಾಡಿ ತೋರಿಸಿದಾರೆ, ನಮ್ಮ ಹಂಗೆ ಇವಕ್ಕೂ ಆಕಳಿಕೆ ಅಂಟುತ್ತೆ ಅಂತ. ನಿನ್ನ ಬೆರಳಿಗೆ ಕಾಳು ಕಕ್ಕಿದ್ರೆ ಛೀ ಅನ್ನಬೇಡ, ಅದಕ್ಕಿಂತ ದೊಡ್ಡ ಮರ್ಯಾದೆ ಅದರ ಹತ್ರ ಇಲ್ಲ. ಆದ್ರೆ ಹಗಲಲ್ಲೂ ಗರಿ ಉಬ್ಬಿಸ್ಕೊಂಡು, ಬಾಲ ಮೇಲೆ ಕೆಳಗೆ ಆಡಿಸ್ತಾ ಪಂಜರದ ತಳದಲ್ಲಿ ಕೂತಿದ್ರೆ ಅವತ್ತೇ ಡಾಕ್ಟರ ಹತ್ರ ಓಡು. ಕಾಯಿಲೆ ಬಿದ್ದಿದ್ದನ್ನ ಇವು ಕೊನೇವರೆಗೂ ಮುಚ್ಚಿಡ್ತವೆ. ಕಾಡಲ್ಲಿ ಸೊರಗಿದ್ದು ಕಂಡ್ರೆ ಗಿಡುಗ ಮೊದಲು ಅದನ್ನೇ ಹೊತ್ಕೊಂಡು ಹೋಗತ್ತಲ್ಲ.

– ನೀಲಿ ಗರಿ ಒಂದು ಕೆಳಗೆ ಬಿದ್ದಿದೆ ನೋಡಿ. ಎಷ್ಟು ಚೆಂದ.

– ಬೆಳಕಿಗೆ ಹಿಡಿ. ನಿನಗೊಂದು ತಮಾಷೆ ಹೇಳಲಾ? ಆ ಗರೀಲಿ ನೀಲಿ ಅನ್ನೋ ಬಣ್ಣವೇ ಇಲ್ಲ. ಅರೆದು ಪುಡಿ ಮಾಡಿದ್ರೆ ನೀಲಿ ಮಾಯ. ಗರಿಯ ಒಳಗಿನ ರಚನೆ ಬೆಳಕನ್ನ ಚದುರಿಸೋ ರೀತಿಗೆ ಹಂಗೆ ಕಾಣೋದು. ಹಸಿರು ಹಕ್ಕಿ ಅಂದ್ರೆ ಇದೇ ನೀಲಿ ಮೇಲೆ ಹಳದಿ ಬಣ್ಣ ಬಳಿದಿದ್ದು. ಇದರ ವಂಶದಲ್ಲಿ ಯಾವಾಗಲೋ ಆ ಹಳದಿ ತಪ್ಪಿಹೋಗಿದೆ. ಇನ್ನು ಅವುಗಳ ಕಣ್ಣಿಗೆ ನಮಗೆ ಕಾಣದ ನೇರಳಾತೀತ ಬೆಳಕೂ ಕಾಣತ್ತೆ. ನಾವು ನೋಡೋ ರಾಜ ರಾಣಿ ಬೇರೆ, ಅವು ಒಂದನ್ನೊಂದು ನೋಡೋದು ಬೇರೆ.

– ಮಗನಿಗೆ ಇದನ್ನ ಹೇಳಬೇಕು... ಚಿಕ್ಕಪ್ಪ, ಸೆಕೆ ಆಗ್ತಿದೆ. ಫ್ಯಾನ್ ಎಲ್ಲಿ? ಈ ರೂಮಲ್ಲಿ ಬರೀ ಕೊಕ್ಕೆ ಇದೆ.

– ಟೇಬಲ್ ಫ್ಯಾನ್ ತರ್ತೀನಿ ಇರು.

– ಮೊದಲು ಇತ್ತಲ್ವಾ? ನಾನು ರಜಕ್ಕೆ ಬಂದಾಗ ಇದೇ ರೂಮಲ್ಲಿ ಮಲಗ್ತಿದ್ದೆ. ಕಟಕಟ ಅಂತಿತ್ತು.

– ಇತ್ತು. ನನ್ನ ಮೊದಲನೇ ಹಕ್ಕಿ, ಹಸಿರುದು. ಒಂದೇ ಇತ್ತು ಆಗ. ನಾನು ರಿಟೈರ್ ಆದ ವರ್ಷ. ಎರಡು ವರ್ಷ ನನ್ನ ಭುಜ ಬಿಟ್ಟು ಇಳೀತಿರಲಿಲ್ಲ. ಕನ್ನಡಕದ ಕಡ್ಡಿ ಕಡಿಯೋದು, ಪದಬಂಧ ಬರೀತಿದ್ರೆ ಪೆನ್ನಿನ ಹಿಂದೆ ಹಿಂದೆ ಪೇಪರ್ ಮೇಲೆ ಓಡೋದು. ಏಪ್ರಿಲ್ ತಿಂಗಳು, ಮಾರ್ಕೆಟ್ಟಿಂದ ಬೆವರು ಸುರಿಸ್ಕೊಂಡು ಬಂದೆ. ಕೈಚೀಲ ಕೆಳಗಿಟ್ಟೆ, ಸ್ವಿಚ್ ಹಾಕಿದೆ. ನಲವತ್ತು ವರ್ಷದ ಅಭ್ಯಾಸ, ಯೋಚನೆಯೇ ಬೇಡ, ಕೈ ತಾನಾಗೇ ಹೋಗತ್ತೆ. ಅದು ಬೀರು ಮೇಲೆ ಕೂತಿತ್ತು. ನನ್ನನ್ನ ನೋಡಿ ಕೂಗಿ ಹಾರಿ ಬಂತು. ನನ್ನ ಹತ್ರಕ್ಕೇ ಬರ್ತಿತ್ತು.

– ಅಯ್ಯೋ ಚಿಕ್ಕಪ್ಪ.

– ಸ್ವಿಚ್ ಆರಿಸಿದ್ದು ನಿಮ್ಮ ಚಿಕ್ಕಮ್ಮ. ನಾನು ನಿಂತೇ ಇದ್ದೆ. ಫ್ಯಾನ್ ನಿಧಾನಕ್ಕೆ ನಿಲ್ತಾ ಇತ್ತು, ಒಂದು ಗರಿ ಮಾತ್ರ ಆ ಗಾಳೀಲಿ ಸುತ್ತುತ್ತಾ ಕೆಳಗೇ ಬರಲಿಲ್ಲ. ಮಾರನೇ ದಿನ ಫ್ಯಾನ್ ಬಿಚ್ಚಿಸಿದೆ. ಕೊಕ್ಕೆ ಕಾಂಕ್ರೀಟಲ್ಲಿ ಹೂತಿದೆ, ತೆಗಿಯೋಕೆ ಬರಲ್ಲ.

– ಆಮೇಲೂ ಹೆಂಗೆ ಸಾಕಿದ್ರಿ?

– ಒಂದು ವರ್ಷ ಸಾಕಲಿಲ್ಲ. ಪದಬಂಧಾನೂ ಬಿಟ್ಟೆ... ಹೋಗಲಿ ಬಿಡು. ಮನೇಲಿ ಹಾರೋಕೆ ಬಿಡೋ ಹೊತ್ತು ಒಂದಿಟ್ಕೋ. ಬಿಡಬೇಕು, ಬರೀ ಪಂಜರದಲ್ಲಿಟ್ರೆ ಕೊಬ್ಬಿ ಸಾಯ್ತವೆ. ಫ್ಯಾನ್ ಸ್ವಿಚ್ ಮೇಲೆ ಒಂದು ಪ್ಲಾಸ್ಟರ್ ಅಂಟಿಸು, ಅದನ್ನ ಕೀಳೋಷ್ಟರಲ್ಲಿ ನೆನಪಾಗಲಿ. ಕಿಟಕಿ ಗಾಜಿಗೆ ಪರದೆ ಎಳಿ. ಬಕೆಟ್ಟು ಮುಚ್ಚು. ನಿನ್ನ ಅಡುಗೆಮನೇಲಿ ನಾನ್‌ಸ್ಟಿಕ್ ತವಾ ಇದ್ರೆ ಖಾಲಿ ಕಾಯೋಕೆ ಬಿಡಲೇಬೇಡ. ಅತಿಯಾಗಿ ಕಾದಾಗ ಬರೋ ಹೊಗೆ ನಮಗೆ ವಾಸನೇನೂ ಗೊತ್ತಾಗಲ್ಲ, ಹಕ್ಕಿ ನಿಂತ ಕಡೇನೇ ಬಿದ್ದುಹೋಗತ್ತೆ. ಕಬ್ಬಿಣದ ಕಾವಲಿ ಉತ್ತಮ, ದೋಸೇನೂ ಅದರಲ್ಲೇ ಚೆನ್ನ. ರೆಕ್ಕೆ ಕತ್ತರಿಸಿಕೊಡ್ತೀನಿ, ಎಲ್ಲೂ ಹೋಗಲ್ಲ ಅಂತ ಅಂಗಡಿಯೋರು ಹೇಳ್ತಾರೆ. ಬೇಡ. ಹೋಗೋಕೆ ಆಗದೇ ಭುಜದ ಮೇಲೆ ಕೂತಿದ್ರೆ ನನಗೇನು ಸಂತೋಷ?

– ಈಗ ಒಂದ್ಸಲ ನೋಡಲಾ? ಕೈ ಹಾಕಿ.

– ಇವತ್ತು ಬೇಡ, ಹೊಸ ಜಾಗ, ಗಾಬರೀಲಿವೆ. ನನ್ನವುಗಳ ಹತ್ರ ಬೇಕಾದ್ರೆ ನೋಡು. ಆ ದೊಡ್ಡ ಪಂಜರ. ಇಗೋ ತೆನೆ. ಪಕ್ಕದ ಬಾಗಿಲು. ಬಳೆ ತೆಗಿ, ಸದ್ದಾಗತ್ತೆ. ಮೊಣಕೈನ ಚೌಕಟ್ಟಿಗೆ ಊರ್ಕೋ, ಇಲ್ಲದಿದ್ರೆ ಎರಡೇ ನಿಮಿಷಕ್ಕೆ ನಡುಗತ್ತೆ. ಹಾಂ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡ, ಬೇಟೆಗಾರರು ಹಂಗೆ ನೋಡೋದು. ನನ್ನ ಕಡೆ ತಿರುಗಿ ಮಾತಾಡು.

– ಏನು ಮಾತಾಡಲಿ?

– ಏನಾದ್ರೂ. ಮಗನ ಸ್ಕೂಲಿನ ಫೀಸು.

– ಅದನ್ನ ಕೇಳಿದ್ರೆ ಹಕ್ಕಿ ಎಗರಿ ಬೀಳತ್ತೆ. ಚಿಕ್ಕಪ್ಪ, ಬಂತು. ಬಂತು ಅನ್ಸತ್ತೆ. ಏನೋ ಎಳೀತಿದೆ.

– ಮೆಲ್ಲಗೆ. ದನಿ ಏರಿಸಬೇಡ. ಅವಳು ಹಳಬಳು, ಎಂಟು ವರ್ಷ ಆಯ್ತು, ಭಯ ಇಲ್ಲ. ಕಾಲಿಟ್ಲಾ?

– ಇಟ್ಲು. ಬೆಚ್ಚಗಿದೆ ಕಾಲು! ತಣ್ಣಗಿರತ್ತೆ ಅಂದ್ಕೊಂಡಿದ್ದೆ. ಎರಡು ಬೆರಳು ಮುಂದೆ, ಎರಡು ಹಿಂದೆ, ಉಂಗುರ ಹಾಕಿದ ಹಂಗೆ ಹಿಡ್ಕೊಂಡಿದೆ. ತೂಕವೇ ಇಲ್ಲ.

– ಫೋನ್ ಬರ್ತಿದೆ ನಿನ್ನದು. ಬ್ಯಾಗಲ್ಲಿ.

– ಬರಲಿ.

– ಆಫೀಸಿಂದೇನೋ.

– ಶ್, ಚಿಕ್ಕಪ್ಪ, ನೀವೇ ದನಿ ಏರಿಸ್ತಿದೀರಿ.

– ಆಯ್ತಮ್ಮ, ಆಯ್ತು... ಐದು ಗಂಟೆ ಆಗ್ತಾ ಬಂತು. ಕತ್ತಲಾಗೋ ಮುಂಚೆ ಹೊರಡಿ. ಇವಕ್ಕೆ ದಿನಕ್ಕೆ ಹತ್ತು ಹನ್ನೆರಡು ಗಂಟೆ ಕತ್ತಲು ಬೇಕು, ನಿಮ್ಮ ಮನೇಲಿ ರಾತ್ರಿ ಹನ್ನೊಂದರವರೆಗೆ ಟಿ.ವಿ. ಉರೀತಿರತ್ತೆ. ಬೇರೆ ರೂಮಿಗೆ ಹಾಕು. ನಿನ್ನ ಮೇಜಿನ ಪಕ್ಕ ಬೇಡ ಅನ್ನಲ್ಲ, ಹಗಲು ಅಲ್ಲೇ ಇರಲಿ, ಆದ್ರೆ ಅದು ಕರೆದಾಗ ಒಂದು ಉತ್ತರ ಕೊಡು. ಅಡುಗೆಮನೇಲಿದ್ರೂ ಅಲ್ಲಿಂದಲೇ ‘ಇಲ್ಲೇ ಇದೀನಿ’ ಅನ್ನು. ಅದಕ್ಕೆ ಅಷ್ಟು ಸಾಕು.

– ಮೀಟಿಂಗ್ ಮಧ್ಯೆ?

– ಮ್ಯೂಟ್ ಅಂತ ಒಂದಿದೆಯಂತಲ್ಲ.

– ಬಿಟ್ಟು ಹೋಗೋಕೆ ಬಂದೋಳನ್ನ ಕೊನೆಗೂ ಹೊರಡಿಸಿಬಿಟ್ರಿ, ಪಂಜರದ ಸಮೇತ.

– ನಾನೇನೂ ಹೇಳಲಿಲ್ಲಪ್ಪ. ಸೀಟ್ ಬೆಲ್ಟನ್ನ ಪಂಜರದ ಮಧ್ಯದಿಂದ ಎಳೆದು ಹಾಕು. ಎ.ಸಿ. ಗಾಳಿ ನೇರವಾಗಿ ಬೀಳದ ಹಂಗೆ ಆ ತೂತು ತಿರುಗಿಸು. ಬಿಡದೀಲಿ ಇಳಿದು ತಟ್ಟೆ ಇಡ್ಲಿ ತಿನ್ನೋದಾದ್ರೆ ಪಾರ್ಸೆಲ್ ತಗೋ, ಮುಚ್ಚಿದ ಕಾರಲ್ಲಿ ಬಿಟ್ಟು ಹೋಗಬೇಡ. ಒಂದು ವಾರ ಸುಮ್ಮನೆ ಪಕ್ಕದಲ್ಲಿ ಕೂತ್ಕೋ. ಮಗನನ್ನೂ ಕೂರಿಸು, ಏನಾದ್ರೂ ಓದಲಿ ಅವನು.

– ಗಣಿತದ ಮಗ್ಗಿ ಓದಿಸ್ತೀನಿ.

– ಓದಿಸು. ಹಕ್ಕಿಗಾದ್ರೂ ಬರಲಿ.

– ಟುಡುಂ.

– ಕೇಳಿಸ್ತಾ?

– ಕೇಳಿಸ್ತು. ಇಲ್ಲೇ ಇದೀನಿ ಕಣೋ, ಎಲ್ಲೂ ಹೋಗಿಲ್ಲ. ಚಿಕ್ಕಪ್ಪ, ಆ ನವಣೆ ತೆನೆ ಒಂದಿಷ್ಟು ಕೊಡ್ತೀರಾ?

– ಹಿಂದಿನ ಸೀಟಲ್ಲಿಟ್ಟಿದೀನಿ, ಆಗಲೇ. ಕಿಟಕಿ ಏರಿಸು ಮೊದಲು.